ಹುಟ್ಟಿನ ದಾಖಲೆ

ನಮ್ಮೂರಲ್ಲಿ ಎಲ್ಲರ ಮನೆತನದ ಹೆಸರೂ ರಕಾರದಿಂದಲೇ.
ರವಾಲೊ, ರೆಂಟೋಯ್, ರೊಂಕಾಲ್, ರುಬಿಯೋ.
ಮೀನು ಮಾರುವವಳು, ಗಂಟೆ ಹೊಡೆಯುವವನು,
ಜೈಲಿಗೆ ಹೋದವನು, ಅವನ ಮೇಲೆ ಸಾಕ್ಷಿ ಹೇಳಿದವನು,
ಎಲ್ಲ ಒಂದೇ ಅಕ್ಷರದ ಕಾಗುಣಿತ.
ಪರಊರವರು ಕೇಳುತ್ತಾರೆ: ನೀವೆಲ್ಲ ದಾಯಾದಿಗಳಾ?
ಅಲ್ಲ. ನಾವು ಒಂದೇ ಹಾಳೆಯವರು.

ಸ್ಪೇನಿನವರ ಕಾಲಕ್ಕೆ
ಮನಿಲಾದ ಸರ್ಕಾರಕ್ಕೆ ಲೆಕ್ಕ ತಪ್ಪುತ್ತಿತ್ತು.
ತೆರಿಗೆ ಕೊಟ್ಟವನೂ ಕ್ರೂಸ್, ಕೊಡದೆ ಕಾಡು ಸೇರಿದವನೂ ಕ್ರೂಸ್,
ಅಣ್ಣನಿಗೊಬ್ಬ ಸಂತನ ಹೆಸರು, ತಮ್ಮನಿಗೆ ಇನ್ನೊಬ್ಬನದು.
ಹೆಸರುಗಳದೇ ಒಂದು ಪುಸ್ತಕ ಮಾಡಿಸಿದರು,
ಊರೂರಿಗೆ ಹಾಳೆ ಹಂಚಿದರು,
ಸಂತೆಯಲ್ಲಿ ಥಾನು ಹರಿದಂತೆ, ಚರ್ರನೆ.
ಗುಡ್ಡದಾಚೆಗೆ ಬ ಹೋಯಿತು. ನಮಗೆ ರ.

ಭಾನುವಾರ, ಪೂಜೆ ಮುಗಿದ ಮೇಲೆ,
ಚರ್ಚಿನ ಅಂಗಳದಲ್ಲಿ ಮನೆಗೊಬ್ಬ ಹಿರಿಯ.
ನಮ್ಮವನಿಗೆ ಓದಲು ಬಾರದು, ಬೆರಳಿಟ್ಟ.
ಬೆರಳಿನಡಿ ಸಿಕ್ಕಿದ್ದು ರೆಮೊ.
ರೆಮೊ ಎಂದರೆ ಹುಟ್ಟು. ದೋಣಿಯದು.
ಬರೆಯುತ್ತಿದ್ದವನು ನಕ್ಕನಂತೆ:
ಬೆಟ್ಟದಲ್ಲಿ ಅಬಕಾ ನಾರು ಸೀಳುವವನು ಇವನು,
ಮೊಣಕಾಲು ಮುಳುಗಿದರೆ ಮಾತೆ ಮರಿಯಳನ್ನು ಕೂಗುವವನು.
ಅವನ ಹಳೆಯ ಹೆಸರಿನ ಮೇಲೆ ದಪ್ಪ ಗೀಟು.
ಬೆಳಕಿಗೆ ಹಿಡಿದು ನೋಡಿದ್ದೇನೆ ಆ ಪುಟವನ್ನು.
ಹುಳ ತಿಂದ ತೂತಿನಲ್ಲಿ
ಎದುರಿನ ಕಿಟಕಿ ಕಾಣುತ್ತದೆ.

ನಾನು ಪೊಟೆನ್ಸಿಯಾನಾ ರೆಮೊ.
ಪುರಸಭೆಯಲ್ಲಿ ಹುಟ್ಟು ಸಾವಿನ ಗುಮಾಸ್ತೆ,
ಇಪ್ಪತ್ತಾರು ವರ್ಷದಿಂದ, ಇದೇ ಕುಂಟು ಮೇಜು.

ಅಮೆರಿಕದವರು ಬಂದಾಗ ಹೆಸರು ಕೇಳಲಿಲ್ಲ,
ಅಂಗೈ ತಿರುಗಿಸಿ ನೋಡಿದರು.
ಜಡ್ಡುಗಟ್ಟಿದ್ದರೆ ಹಡಗು ಹತ್ತಿಸಿದರು.
ಹಡಗು ಕಟ್ಟಿದ ಹಗ್ಗವೂ ನಮ್ಮ ಬೆಟ್ಟದ ನಾರೇ.
ಅಜ್ಜನ ಅಣ್ಣ ಹವಾಯಿಯಲ್ಲಿ ಕಬ್ಬು ಕಡಿದ,
ಕೊರಳಲ್ಲಿ ಹಿತ್ತಾಳೆಯ ಬಿಲ್ಲೆ: ೨೩೧೭.
ಮೂವತ್ತೊಂದು ವರ್ಷಕ್ಕೆ ಒಂದು ಕಾಗದ ಬಂತು.
ಸಹಿಯ ಜಾಗದಲ್ಲಿ ಆ ಅಂಕಿ.
ಅಜ್ಜ ಅದನ್ನು ಜೂಜಿಗೆ ಕಟ್ಟಿದ,
ಇಪ್ಪತ್ತಮೂರು, ಹದಿನೇಳು, ವಾರಗಟ್ಟಲೆ,
ಅಣ್ಣ ಇನ್ನೇನು ಗೆಲ್ಲುತ್ತಾನೆ ಎಂಬಂತೆ.

ಇವತ್ತು ಜೊವಿಲಿನ್ ಬಂದಿದ್ದಳು. ಇಪ್ಪತ್ತೆರಡು ವಯಸ್ಸು.
ಕುವೈತ್. ಮೂರು ಮಕ್ಕಳ ಮನೆ, ಮೇಲೊಬ್ಬ ಮುದುಕಿ.
ವಿಮಾನಕ್ಕೆ ಒಂಬತ್ತು ದಿನ.
ಶಾಲೆಯ ಕಾಗದದಲ್ಲಿ ರೆಮೊ, ದಾಖಲೆಯಲ್ಲಿ ರಿಮೊ.
ಒಂದು ಗುಣಿತದ ತಪ್ಪು.
ತಿದ್ದಲು ಅರ್ಜಿ, ಶುಲ್ಕ, ಪತ್ರಿಕೆಯಲ್ಲಿ ಪ್ರಕಟಣೆ,
ಮೂರು ತಿಂಗಳು, ದೇವರು ದೊಡ್ಡವನಾದರೆ.
ಇದೆಲ್ಲ ಹೇಳುತ್ತಾ ಹೇಳುತ್ತಾ
ಕೈಬರಹ ಗುರುತು ಸಿಕ್ಕಿತು.
ನನ್ನದೇ.
ಚಂಡಮಾರುತದ ರಾತ್ರಿ, ಕರೆಂಟಿಲ್ಲ,
ಅವಳಪ್ಪ ಬಾಗಿಲಲ್ಲಿ ನಿಂತಿದ್ದ, ಬಟ್ಟೆಯಿಂದ ನೀರು ಸುರಿಯುತ್ತಿತ್ತು,
ಲಾಟೀನು ನಡುಗಿತೋ, ಕೈಯೋ.

ಹೇಳಿಬಿಟ್ಟೆ.
ಅವಳು ನಗಲಿಲ್ಲ, ಬೈಯಲಿಲ್ಲ.
ಪಾಸ್‌ಪೋರ್ಟಲ್ಲೂ ರಿಮೊ ಅಂತಲೇ ಇರಲಿ ಬಿಡಿ ಅತ್ತೆ, ಎಂದಳು,
ಶಾಲೆಯವರ ಹತ್ತಿರ ಒಂದು ಚೀಟಿ ಬರೆಸಿಕೊಳ್ಳುತ್ತೇನೆ.
ಅಲ್ಲಿ ಹೆಸರು ಹಿಡಿದು ಕರೆಯುವವರು ಯಾರು?
ರ ಉಳೀತಲ್ಲ.

ರಿಮೊ ಎಂದರೆ
ನನಗೆ ಗೊತ್ತಿರುವ ಯಾವ ಭಾಷೆಯಲ್ಲೂ ಏನೂ ಅಲ್ಲ.
ಯಾರೂ ಬೆರಳಿಟ್ಟು ಆರಿಸಿದ್ದಲ್ಲ,
ಯಾವ ದೊರೆಯ ಪುಸ್ತಕದಲ್ಲೂ ಇಲ್ಲ.
ಇವಳ ಮಕ್ಕಳು, ಮಕ್ಕಳ ಮಕ್ಕಳು
ಇದೆಲ್ಲಿಂದ ಬಂತೆಂದು ಹುಡುಕುತ್ತಾ ಬಂದರೆ
ಸಿಗುವುದು ಒಂದು ಗಾಳಿಯ ರಾತ್ರಿ, ಒಬ್ಬ ದಣಿದ ಹೆಂಗಸು.

ಮುದ್ರೆ ಒತ್ತಿದೆ.
ನೂರೈವತ್ತೈದು ಪೆಸೊ. ಐದು ಚಿಲ್ಲರೆ ಅವಳ ಬಳಿ ಇರಲಿಲ್ಲ.
ಇರಲಿ ಎಂದೆ.
ಹಸಿ ಶಾಯಿಯ ಮೇಲೆ ಊದುತ್ತಾ ಊದುತ್ತಾ
ಮೆಟ್ಟಿಲಿಳಿದಳು.