ಕಣಜ

ಭೂಗಾವ್‌ನ ತಗಡಿನ ಶೆಡ್ಡಿಗೆ ಬೀಗ ಹಾಕಿ
ಆಷಾಢ ಕಳೆಯಿತು, ಶ್ರಾವಣವೂ.
ಒಳಗೆ ಏನೇನಿದೆ ನನಗೆ ಬಾಯಿಪಾಠ:
ಎಂಟು ಜೇನುಪೆಟ್ಟಿಗೆ, ಒಂದರ ಮೇಲೊಂದು,
ಹಾರೆ, ಕತ್ತರಿ, ಹೊಗೆಡಬ್ಬಿ, ಒಂದೇ ಕೈಯ ಗವಸು,
ತುಪ್ಪ ತೆಗೆಯುವ ತಿರುಗಣಿ ಯಂತ್ರ.
ತೊಳೆಯದೆ ಇಟ್ಟದ್ದು.
ತೊಳೆಯುವ ಪಾಳಿ ಯಾರದು ಎಂಬಲ್ಲಿಗೆ
ನನಗೂ ಪಿಲೂಗೂ ಮಾತು ನಿಂತಿತ್ತು.

ಭಾದ್ರಪದದ ಒಂದು ಬೆಳಿಗ್ಗೆ ಸೋಪಾನ
ಹುಬ್ಬಿನ ಮೇಲೆ ನಿಂಬೆಕಾಯಿಯಂಥ ಬಾವು ಹೊತ್ತು ಬಂದು
‘ತಾಈ, ಗಾಂಧೀಲ್ ಮಾಶಿ’ ಎಂದ.
ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ಅದು ಕಣಜ.
ಕಾಳು ತುಂಬಿಡುವುದೂ ಕಣಜ,
ಕಚ್ಚುವ ಹುಳವೂ ಕಣಜ.
ಚಿಕ್ಕಂದಿನಲ್ಲಿ ಎರಡೂ ಒಂದೇ ಎಂದು ನಂಬಿದ್ದೆ:
ಜೋಳದ ಕಣಜ ಬರಿದಾದ ವರ್ಷ
ಅದಕ್ಕೆ ರೆಕ್ಕೆ ಬರುತ್ತದೆ, ಅಷ್ಟೆ.

ಏನು ಕಂಡು ಬಂದವು ಇವು?
ಹೂವಿಲ್ಲ, ದೀಪವಿಲ್ಲ, ಕರೆದವರಿಲ್ಲ.
ಜೇನು ವೈಶಾಖದಲ್ಲೇ ಎದ್ದು ಹೋಗಿತ್ತು,
ಮಟಮಟ ಮಧ್ಯಾಹ್ನ, ನಮ್ಮಿಬ್ಬರ ಕಣ್ಣೆದುರಿಗೇ,
ಜಗಳ ಕೇಳಿ ಕೇಳಿ ಬೇಸತ್ತ ಬಾಡಿಗೆಯವರ ಹಾಗೆ.

ಬಾಗಿಲು ತೆರೆದೆ.
ಮೊದಲು ಹೊರಬಂದದ್ದು ವಾಸನೆ:
ಮೇಣ, ಕಾದ ತಗಡು, ಒಣಗಿದ ಮರಿಹುಳ,
ಇವೆಲ್ಲದರ ಅಡಿಯಲ್ಲಿ ಹುಳಿ ಹುಳಿ.
ಯಂತ್ರದ ತಳದಲ್ಲಿ ಹುದುಗು ಬಂದ ತುಪ್ಪ,
ಹೆಚ್ಚಿಲ್ಲ, ಒಂದು ಚಮಚೆ.
ನಾಲ್ಕು ತಿಂಗಳಿಂದ ಆ ಒಂದು ಚಮಚೆ
ಕೀಲಿಯ ಕಿಂಡಿಯಲ್ಲಿ ಬಾಯಿಟ್ಟು
ಊರಿಗೆಲ್ಲ ಡಂಗುರ ಸಾರುತ್ತಿತ್ತು.

ತುಪ್ಪಕ್ಕೆ ಬಂದವು, ಸರಿ. ಉಳಿದದ್ದು ಯಾಕೆ?
ತಲೆಯೆತ್ತಿದೆ. ಹಲಗೆಯ ಕೆಳಗೆ, ಮಳೆ ಸೋರದ ಮೂಲೆಯಲ್ಲಿ
ಅಂಗೈಯಗಲದ ಗೂಡು, ತಲೆಕೆಳಗಾದ ಕಮಲದಂತೆ.
ಬೂದು ಕಾಗದ, ನಡುನಡುವೆ ಹಸಿರು ಗೀರು.
ಆ ಹಸಿರು ನನಗೆ ಗೊತ್ತು.
ಕ್ಯಾಂಪಿನ ತನ್ನ ಮನೆಯ ಕಿಟಕಿಗೆ ಹಚ್ಚಿ ಉಳಿದದ್ದನ್ನು
ಪಿಲೂ ಪೆಟ್ಟಿಗೆಗಳಿಗೆ ಬಳಿದಿದ್ದಳು,
ಮೊಣಕೈತನಕ ಮೆತ್ತಿಕೊಂಡು, ಬೈಯುತ್ತ, ನಗುತ್ತ.
ನೋಡುತ್ತಿದ್ದಂತೆ ಒಂದು ಕಣಜ ಏಳನೆಯ ಪೆಟ್ಟಿಗೆಯ ಮುಚ್ಚಳಕ್ಕಿಳಿದು
ಹಿಮ್ಮುಖ ನಡೆಯುತ್ತ
ಕರ್ರ್ ಕರ್ರ್ ಎಂದು ಮರ ಹೆರೆಯಿತು.
ಅವಳು ಪೆನ್ಸಿಲ್ಲಿನಲ್ಲಿ ಬರೆದ
‘ಮಾರ್ಚ್ ಹನ್ನೆರಡು, ರಾಣಿ ಕಂಡಳು’ ಎಂಬುದರಲ್ಲಿ
ಮಾರ್ಚ್ ಆಗಲೇ ಇರಲಿಲ್ಲ.
ಅಗಿದು, ಎಂಜಲಲ್ಲಿ ಕಲಸಿ, ಹಾಳೆ ಮಾಡಿ
ಮೇಲೆ ಹಚ್ಚಿಕೊಂಡಿತ್ತು.

‘ಸೀಮೆಎಣ್ಣೆ ಬಟ್ಟೆ ಸಾಕು’ ಎಂದ ಸೋಪಾನ.
ಸಂಜೆ ನೋಡೋಣ ಎಂದೆ.
ಹೊಗೆಡಬ್ಬಿ ಎತ್ತಿಕೊಂಡರೆ ಅದರ ಬಾಯಿಗೆ ಮಣ್ಣಿನ ಬಿರಡೆ,
ನಯವಾದದ್ದು, ಹೆಬ್ಬೆರಳಲ್ಲಿ ತೀಡಿದಂಥದ್ದು.
‘ಕುಂಭಾರೀಣ’ ಎಂದ. ಹೆಣ್ಣು.
ನಮ್ಮಲ್ಲಿ ಇದು ಕುಂಬಾರ ಹುಳ, ಕೇಳಿದರೆ ಗಂಡು.
ಕೆಲಸ ನೋಡಿದರೆ ಸೋಪಾನನ ಮರಾಠಿಯೇ ಸರಿ:
ಒಳಗೆ ಹಸಿರು ಕಂಬಳಿಹುಳಗಳನ್ನು
ಸಾಯದಂತೆ, ಮಿಸುಕದಂತೆ ಚುಚ್ಚಿ ಪೇರಿಸಿ
ಮೇಲೊಂದು ಮೊಟ್ಟೆಯಿಟ್ಟು
ಬೀಗ ಜಡಿದು ಹೋಗಿದ್ದಾಳೆ.
ಇದೂ ಕಣಜವೇ. ಕಾಳಿನದು.

ನಲ್ಲಿಯ ಕೆಳಗೆ ಯಂತ್ರ ಎಳೆದು ತಂದು
ಬಿಸಿನೀರು, ಬೂದಿ, ತೆಂಗಿನ ನಾರು.
ಒಂದೊಂದಾಗಿ ಇಳಿದುಬಂದವು,
ಮೋರಿಯ ಅಂಚಿನಲ್ಲಿ ಸಾಲಾಗಿ ಕೂತು
ಸಿಹಿ ಸವೆದು ಹೋಗುವುದನ್ನು ಕುಡಿದವು.
ಯಾವುದೂ ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಪಿಲೂಗೆ ಬರೆದೆ: ಯಂತ್ರ ತೊಳೆದೆ.
ಎರಡು ನೀಲಿ ಗೀರು ಬಂದವು.

ಸಂಜೆಯಾಯಿತು. ಸೋಪಾನ ಬರಲಿಲ್ಲ,
ಢೋಲ್ ತಾಲೀಮಿಗೆ ಹೋಗಿದ್ದಾನೆ.
ಗುಡ್ಡದಾಚೆಯ ಪೆಟ್ಟಿಗೆ ಶೆಡ್ಡಿನ ತಗಡು ಸಣ್ಣಗೆ ನಡುಗುತ್ತದೆ,
ಗೂಡೂ.
ಎಲ್ಲ ಒರೆಸಿ, ಒಣಗಿಸಿ, ಒಳಗಿಟ್ಟೆ.
ಹೊಗೆಡಬ್ಬಿಯನ್ನು ಮಾತ್ರ ಇದ್ದಲ್ಲೇ ಬಿಟ್ಟೆ.
ಆ ಬಾಯಿ ತೆರೆಯುವುದು
ಒಳಗಿದ್ದವರ ಕೆಲಸ.