ಒಳಮೈ

ಡನೀಡನ್ನಿನ ಇಳಿಜಾರು ಬೀದಿಯಲ್ಲಿ
ಯುಕ್ ಹಾಳ ಆವಿಗೆ ಎರಡು ದಿನದಿಂದ ತಣಿಯುತ್ತಿತ್ತು.
ಒಳಗೆ ಹೂಜಿಯಿಲ್ಲ, ಬೋಗುಣಿಯಿಲ್ಲ,
ಪಿಂಗಾಣಿಯ ಕಾಲರುಗಳು, ತೊಂಬತ್ತಾರು,
ಗಂಡಸರ ಕುತ್ತಿಗೆಯ ಅಳತೆಗೆ.

ಅಜ್ಜಿ ಹಡಗಿಳಿದ ದಿನ ಗುಮಾಸ್ತ ಬರೆದುಕೊಂಡದ್ದು
ಮೂರೇ ಪದ: ಲಾಂಡ್ರಿ ಚಾರ್ಲಿಯ ಹೆಂಡತಿ.
ಚಾರ್ಲಿ ಎಂಬುದೂ ಯಾರೋ ಇಟ್ಟದ್ದೇ.
ಆಮೇಲೆ ನಲವತ್ತು ವರ್ಷ
ಅವಳು ಕುಡಿದದ್ದಕ್ಕಿಂತ ಹೆಚ್ಚು ಗಂಜಿ
ಊರಿನ ಕಾಲರುಗಳು ಕುಡಿದು ಸೆಟೆದು ನಿಂತವು.

ಇಂಗ್ಲಿಷ್ ಓದಲು ಬಾರದವಳು
ಯಾರ ಬಟ್ಟೆ ಯಾರದೆಂದು ತಿಳಿಯಲು
ಒಳಮೈಗೆ ಮಸಿಯಲ್ಲಿ ತಾನೇ ಹೆಸರಿಟ್ಟಳು:
ಬ್ಯಾಂಕಿನವನು, ಸೀನುವ ಕುದುರೆ.
ಪಾದ್ರಿ, ಬೇಯದ ಆಲೂಗಡ್ಡೆ.
ನ್ಯಾಯಾಧೀಶರು, ಪಾಪ, ಮೂರು ವಾರದ ಬಾಕಿ.
ಅದನ್ನೇ ಕತ್ತಿಗೆ ತಾಗಿಸಿಕೊಂಡು ಅವರು
ಪ್ರಾರ್ಥನೆ ಹೇಳಿಸಿದರು, ತೀರ್ಪು ಕೊಟ್ಟರು,
ಕೊನೆಗೆ ಮಣ್ಣಾದರು.

ಆ ಗುರುತುಗಳನ್ನು ಯುಕ್ ಹಾ
ಹಸಿಮಣ್ಣಿನಲ್ಲಿ ಗೀರಿ, ನೀಲಿ ತುಂಬಿ ಸುಟ್ಟಿದ್ದಾಳೆ.
ಒಂದನ್ನು ಮಾತ್ರ ಖಾಲಿ ಬಿಟ್ಟಳು, ಅಜ್ಜಿಗೆಂದು.
ತನಗೆ ತಾನು ಏನು ಬರೆದುಕೊಳ್ಳುತ್ತಿದ್ದಳೋ
ತಿಂಗಳೆಲ್ಲ ಯೋಚಿಸಿದಳು. ಹೊಳೆಯಲಿಲ್ಲ.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಇನ್ನೂ ಬಿಸಿ;
ಮೆರುಗು ಆರುತ್ತ ಟಿಣ್ ಟಿಣ್ ಅನ್ನುತ್ತಿತ್ತು.
ಎಪ್ಪತ್ತೆಂಟರ ಅಮ್ಮ ಆ ಖಾಲಿಯದನ್ನು
ಅಡುಗೆ ಬಟ್ಟೆಯಲ್ಲಿ ಹಿಡಿದು, ಕಿಟಕಿಯ ಬಳಿ ಒಯ್ದು
ತಿರುವಿ ತಿರುವಿ ನೋಡಿದಳು.
"ಚೆನ್ನಾಗಿದೆ," ಅಂದಳು. "ಆದರೆ
ಅವಳೆಂದೂ ಕಾಲರು ತೊಟ್ಟವಳಲ್ಲ.
ಕುತ್ತಿಗೆಗೆ ಏನು ತಾಗಿದರೂ
ಅವಳಿಗೆ ಆಗುತ್ತಿರಲಿಲ್ಲ."