ಕೋಷ್ಟಕ ನಾಲ್ಕು

ಪ್ರಶ್ನಾವಳಿ ತಿರುವನಂತಪುರದಿಂದ ಬಂದದ್ದು, ಮಲಯಾಳದಲ್ಲಿ.
ಬಾಗಿಲ ಬಳಿ ನಿಂತು ನಾನು ಕನ್ನಡ ಮಾಡಿ ಕೇಳುವುದು,
ಅವರು ಬ್ಯಾರಿಯಲ್ಲೋ ತುಳುವಿನಲ್ಲೋ ಹೇಳುವುದು,
ನಾನು ಇಂಗ್ಲಿಷಿನ ಚೌಕದೊಳಗೆ ಗುರುತು ಹಾಕುವುದು.
ಇಷ್ಟು ಹೊಳೆ ದಾಟುವಾಗ
ಒಂದು ಮಿಕ್ಸಿ ಎಷ್ಟು ನೆನೆಯುತ್ತದೆ ಎಂದು
ನಮ್ಮ ವಿಭಾಗದಲ್ಲಿ ಯಾರೂ ಕೇಳಿಲ್ಲ.

ಏಳು ಭಾಷೆಯ ನಾಡು ಎಂದು ಭಾಷಣಗಳಲ್ಲಿ ಹೇಳುತ್ತಾರೆ.
ಇರಬಹುದು. ಬೆಲೆ ಕೇಳುವಾಗ ಎಲ್ಲರದೂ ಒಂದೇ.

ಕುಂಬಳೆಯ ಐತಪ್ಪ ಶೆಟ್ಟಿಗಾರರ ಮನೆಯಲ್ಲಿ
ಬಟ್ಟೆ ಒಗೆಯುವ ಯಂತ್ರದೊಳಗೆ ಕುಚ್ಚಲಕ್ಕಿ.
"ಇಲಿ ಬರ್ಲಿಕ್ಕಿಲ್ಲ ನೋಡಿ" ಎಂದು ಮುಚ್ಚಳ ತೆಗೆದರು,
ಒಂದು ಮುಷ್ಟಿ ಎತ್ತಿ ಸುರಿದು ತೋರಿಸಿದರು.
ಭಾವ ತಂದುಕೊಟ್ಟದ್ದಂತೆ. ನಲ್ಲಿಯಲ್ಲಿ ನೀರು ಮಂಗಳವಾರ ಮಾತ್ರ.
ನಾನು ಬರೆದೆ: ವಾಷಿಂಗ್ ಮೆಷಿನ್, ಒಂದು. ಬಳಕೆಯಲ್ಲಿದೆ.
ಸುಳ್ಳಲ್ಲ.

ಮಂಜೇಶ್ವರದ ಪ್ರೆಸಿಲ್ಲಾ ಬಾಯಮ್ಮ
ಸೋಫಾದ ಪ್ಲಾಸ್ಟಿಕ್ಕು ಹನ್ನೊಂದು ವರ್ಷದಿಂದ ಬಿಚ್ಚಿಲ್ಲ.
ಕೂತರೆ ಕರಕರ, ಎದ್ದರೆ ಸೀರೆ ಅಂಟಿ ಬರುತ್ತದೆ.
"ಬಿಚ್ಚಿದ್ರೆ ಹಳತಾಗ್ತದಲ್ವಾ?"
ಹೊಸತನ್ನು ಹೊಸತಾಗಿಯೇ ಇಡುವ ಕೆಲಸದಲ್ಲಿ
ಅವರು ಸೋಫಾಗಿಂತ ಮೊದಲೇ ಸವೆದಿದ್ದರು.
ಇದು ಅಂಚಿನಲ್ಲಿ ಗೀಚಿದ್ದು, ಪ್ರಬಂಧಕ್ಕೆ ಸೇರಿಸಲಿಲ್ಲ.

ನನ್ನ ಗುರುಗಳು ಹೇಳುತ್ತಿದ್ದರು,
ವಸ್ತು ಸುಮ್ಮನಿರುವುದಿಲ್ಲ, ಮಾತಾಡುತ್ತದೆ,
ಕೊಂಡವನ ಜಾತಿ, ಜೇಬು, ನೆರೆಮನೆಯ ಮೇಲಿನ ಹೊಟ್ಟೆಕಿಚ್ಚು
ಎಲ್ಲ ಒದರುತ್ತದೆ, ಕಿವಿ ಬೇಕು ಅಷ್ಟೆ.
ಉಪ್ಪಳದ ಉಮ್ಮಾಲಿಮ್ಮನಿಗೆ ಇದನ್ನೇ ಹೇಳಿದೆ.
"ಮಾತಾಡ್ಲಿಕ್ಕೆ ಇಲ್ಲ ಟೀಚರೇ, ಧೂಳು ಹಿಡೀತದೆ.
ಶುಕ್ರವಾರ ಶುಕ್ರವಾರ ಒರೆಸ್ಬೇಕು."

ಅವರ ಶೋಕೇಸು ಜಗಲಿಯಿಂದಲೇ ಕಾಣುವ ಹಾಗೆ.
ಖಾಲಿ ಸೆಂಟಿನ ಬಾಟಲಿ ಮೂರು, ಮುಚ್ಚಳ ಸಮೇತ.
ಒಂದು ಒಂಟೆ. ಹಾಲುಪುಡಿ ಡಬ್ಬದಲ್ಲಿ ಸೂಜಿ, ದಾರ, ಕರೆಂಟು ಬಿಲ್ಲು.
ನಡುವಿನ ಅಂತಸ್ತಿನಲ್ಲಿ ಚಿನ್ನದ ಗೆರೆಯ ಬಿಳಿ ಕಪ್ಪು
(ಬಿಳಿ ಕಪ್ಪು ಎಂದು ಬರೆದು ನಾನೇ ನಕ್ಕೆ)
ಐದು.
ಆರನೆಯ ಬಸಿಯ ಮೇಲೆ ಏನೂ ಇಲ್ಲ.

ಐದು, ಎಂದೆ.
ಆರು, ಎಂದರು.
ಒಡೆದದ್ದಾ?
"ಒಡೆಯುವುದು ಎಂತಕ್ಕೆ? ಅದು ಶಾರ್ಜಾದಲ್ಲಿ ಉಂಟು.
ತಂದವರೇ ತಿರುಗಿ ಹೋಗುವಾಗ ಒಂದು ತಕ್ಕೊಂಡು ಹೋದ್ರು,
ಅಂಗಿಯಲ್ಲಿ ಸುತ್ತಿ."
ಯಾವ ವರ್ಷ ಎಂಬ ಕಾಲಂ ಇತ್ತು, ಕೇಳಿದೆ.
ಮಗುವಿಗೆ ಉಣಿಸುತ್ತಿದ್ದ ಮಗಳು ಒಳಗಿನಿಂದ ಕೂಗಿದಳು:
ನಾನಾಗ ಒಂದನೇ ಕ್ಲಾಸು.

ಪ್ರಶ್ನೆ ಹದಿನೇಳು: ಈ ವಸ್ತುವಿನ ಉಪಯೋಗ.
ಇದರಲ್ಲಿ ನೀವು ಕುಡಿಯುತ್ತೀರಾ?
ಉಮ್ಮಾಲಿಮ್ಮ ನನ್ನನ್ನು ನೋಡಿದ ನೋಟಕ್ಕೆ
ನಮ್ಮ ಶಾಸ್ತ್ರದಲ್ಲಿ ಒಂದು ಪದ ಇದ್ದೀತು, ಆಗ ನೆನಪಾಗಲಿಲ್ಲ.
ಸ್ಟೀಲು ಲೋಟದಲ್ಲಿ ಚಾ ಬಂತು, ಏಲಕ್ಕಿ ಹಾಕಿದ್ದು.
ಅಲ್ಲಿ ಆ ಕಪ್ಪಿನಲ್ಲಿ ಈಗ ಯಾರು ಕುಡಿಯುತ್ತಾರೋ
ನಾನು ಕೇಳಲಿಲ್ಲ. ಹಾಳೆಯೂ ಕೇಳಿರಲಿಲ್ಲ.

ಹೊರಡುವಾಗ ಅವರ ಸರದಿ.
"ನಿಮ್ಮ ಬ್ಯಾಗಲ್ಲಿ ಎಂತೆಲ್ಲ ಉಂಟು?"
ಒಂದೊಂದೇ ತೆಗೆದು ಜಗಲಿಯಲ್ಲಿಟ್ಟೆ:
ಕೊಡೆ, ನೀರು, ತಲೆನೋವಿನ ಮಾತ್ರೆ,
ತೀರಿಹೋದ ಇಬ್ಬರ ನಂಬರಿರುವ ಫೋನು,
ಒಂದು ಬೀಗದ ಕೈ.
"ಎಲ್ಲಿಯದ್ದು?"
ಮೊದಲು ಬಾಡಿಗೆಗಿದ್ದ ಮನೆಯದು. ಬಿಟ್ಟು ಆರು ವರ್ಷವಾಯಿತು.
"ಉಪಯೋಗ?" ಎಂದರು,
ಪೆನ್ನು ಹಿಡಿದ ಹಾಗೆ ಬೆರಳು ಮಾಡಿ.

ಪ್ರಬಂಧ ಓದಿದವರು ಈಗ ಕೇಳಿ ಕಳಿಸಿದ್ದಾರೆ:
ಕೋಷ್ಟಕ ನಾಲ್ಕರಲ್ಲಿ ಕಪ್ಪು ಆರು, ವಿವರಣೆಯಲ್ಲಿ ಐದು.
ಯಾವುದು ಸರಿ? ತಿದ್ದಿ ಕಳಿಸಿ.
ಹದಿನೈದು ಕಡೆಯ ತಾರೀಕು.

ಇವತ್ತು ಶುಕ್ರವಾರ. ಉಪ್ಪಳದಲ್ಲಿ ಈ ಹೊತ್ತಿಗೆ
ಗಾಜಿನ ಬಾಗಿಲು ಸರಿಸಿ ಒಂದೊಂದನ್ನೇ ಒರೆಸುತ್ತಿರಬಹುದು,
ಕಪ್ಪು, ಬಸಿ, ಕಪ್ಪು, ಬಸಿ,
ಕೊನೆಗೆ ಬಸಿ.